ಬಂದೆ ಎಂದರೆ ಎಷ್ಟು ಹೊತ್ತು

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಮೀಟರ್ ತಂಗುಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಬಾಟಲಿ ಸಾಲಾಗಿ ನಿಲ್ಲಿಸಿಕೊಂಡು ನೀರು ತುಂಬಿಸುತ್ತಿದ್ದ. ಒಬ್ಬೊಬ್ಬರಿಗೆ ಮೂರು ಬಾಟಲಿ, ಮೂರು ಲೀಟರ್. ಕಿಟಕಿಯಾಚೆ ಮರಳು ಇನ್ನೂ ಬೂದಿಯ ಬಣ್ಣದಲ್ಲಿತ್ತು. ಹೊತ್ತು ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ಅವನ ಜೇಬಿನ ಡೈರಿಯಿಂದ. ಅದರಲ್ಲಿ ಅವನು ಎಲ್ಲವನ್ನೂ ಬರೆಯುತ್ತಿದ್ದ.

ಮೀಟರ್ ಎನ್ನುವುದು ಅವನ ಅಡ್ಡಹೆಸರು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ಮನೆಮನೆಯ ನಲ್ಲಿ ಮೀಟರ್ ಓದುವುದು ಅವನ ಕೆಲಸ. ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತಬೇಕು, ಗಾಜಿನ ಮೇಲಿನ ಕೆಸರನ್ನು ಹಳೇ ಟವೆಲಿನ ಚೂರಿನಿಂದ ಒರೆಸಬೇಕು, ಅಂಕಿಯನ್ನು ಒಮ್ಮೆ ಬಾಯಿಬಿಟ್ಟು ಹೇಳಬೇಕು, ಆಮೇಲೆ ಬರೆಯಬೇಕು. ಬಾಯಿಬಿಟ್ಟು ಹೇಳಿದ ಅಂಕಿ ತಪ್ಪುವುದಿಲ್ಲ ಎಂದು ಅವನು ನಂಬಿದ್ದ. ಮನೆಗೆ ಬೀಗ ಹಾಕಿದ್ದರೆ ಏನು ಮಾಡಬೇಕೆಂದು ಕಚೇರಿಯ ನಿಯಮವೇ ಇದೆ: ಹಿಂದಿನ ಮೂರು ತಿಂಗಳ ಸರಾಸರಿ ತೆಗೆದು ಬರೆದುಬಿಡಬಹುದು. ಉಳಿದವರು ಬಿಸಿಲು ಜಾಸ್ತಿಯಾದರೂ ಸರಾಸರಿಯನ್ನೇ ಬರೆಯುತ್ತಿದ್ದರು. ಇವನು ಮಾತ್ರ ಬೀಗದ ಮನೆಗೆ ಸಂಜೆ ಮತ್ತೊಮ್ಮೆ ಹೋಗುತ್ತಿದ್ದ, ಮಾರನೆಯ ದಿನ ಮಗದೊಮ್ಮೆ.

"ನೋಡದೆ ಬರೆದ್ರೆ ಅದು ರೀಡಿಂಗ್ ಅಲ್ಲಪ್ಪ, ಕತೆ," ಎನ್ನುತ್ತಿದ್ದ.

ಅವನಿಗೆ ಇಬ್ಬರು ಗೆಳೆಯರು. ಮೂವರೂ ಶಾಲೆಯಲ್ಲಿ ಒಂದೇ ಬೆಂಚು. ಒಬ್ಬ ಗಡಿಯಾರ ರಿಪೇರಿ ಮಾಡುವವನು, ಸಣಕಲ, ಮಾತು ಕಡಿಮೆ. ಇನ್ನೊಬ್ಬ ಬೇಕರಿಯವನು, ದಪ್ಪ ಮೈ, ಮಾತು ಅದಕ್ಕಿಂತ ದಪ್ಪ. ಸಂಜೆ ಬೇಕರಿಯ ಮುಂದಿನ ಸ್ಟೂಲುಗಳ ಮೇಲೆ ಮೀಟರ್ ಮತ್ತು ಗಡಿಯಾರದವನು ಕೂತು ಕೂಗಿದರೆ ಒಳಗೆ ಒಲೆಯ ಹತ್ತಿರದಿಂದ ಬೇಕರಿಯವನು "ಬಂದೆ" ಎನ್ನುತ್ತಿದ್ದ. ನಮ್ಮ ಭಾಷೆಯಲ್ಲಿ ಇದೊಂದು ಸೌಕರ್ಯ; ಹೊರಡುವ ಮೊದಲೇ ಬಂದೆ ಎನ್ನಬಹುದು. ಆದರೆ ಬೇಕರಿಯವನು ಈ ಸೌಕರ್ಯವನ್ನು ಹಿಟ್ಟಿನ ಹಾಗೆ ಎಳೆಯುತ್ತಿದ್ದ. ಒಂದು ವರ್ಷ ಮೀಟರ್ ಪಟ್ಟು ಹಿಡಿದು ಡೈರಿಯಲ್ಲಿ ಅಳತೆ ಬರೆದ. ಒಟ್ಟು ನಲವತ್ತಾರು "ಬಂದೆ". ಅತಿ ಕಡಿಮೆ ಹನ್ನೊಂದು ನಿಮಿಷ, ಅತಿ ಹೆಚ್ಚು ಒಂದು ಗಂಟೆ ಇಪ್ಪತ್ತು. ಸರಾಸರಿ ಮೂವತ್ತೈದು.

ಬೇಕರಿಯವನಿಗೆ ಹಿಗ್ಗೋ ಹಿಗ್ಗು. ಆರ್ಡರ್ ಬರೆಯುವ ಸ್ಲೇಟಿನ ಮೂಲೆಯಲ್ಲಿ "ಬಂದೆ = 35" ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟ. ಅವನ ಹೆಂಡತಿಯೂ ಗಿರಾಕಿಗಳಿಗೆ, "ಬಂದೆ ಅಂದ್ರಾ? ಹಾಗಾದ್ರೆ ಮೂವತ್ತೈದು ನಿಮಿಷ ಕೂತ್ಕೊಳ್ಳಿ," ಎನ್ನತೊಡಗಿದಳು.

ಮರುಭೂಮಿಗೆ ಹೋಗೋಣ ಎಂದು ಮೂವರೂ ಹತ್ತು ವರ್ಷದಿಂದ ಹೇಳಿಕೊಂಡೇ ಇದ್ದರು. ಕೊನೆಗೂ ನಾಲ್ಕು ದಿನ ಬಿಡುವು ಕೂಡಿಬಂತು. ಮೊದಲ ದಿನ ಕುಸಿದ ಕೋಟೆ ನೋಡಿದರು. ಎರಡನೆಯ ದಿನ ಬೆಳ್ಳಗೆ ಹರಡಿದ್ದ ಉಪ್ಪಿನ ಬಯಲಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನವಿಡೀ ತಂಗುಮನೆಯ ಜಗಲಿಯಲ್ಲಿ ಇಸ್ಪೀಟು. ಬೇಕರಿಯವನು ಮೂವತ್ತು ವರ್ಷದಲ್ಲಿ ಮೊದಲ ಸಲ ಬೆಳಿಗ್ಗೆ ಏಳರವರೆಗೆ ನಿದ್ದೆ ಮಾಡಿದ. "ಸ್ವರ್ಗ ಅಂದ್ರೆ ಒಲೆ ಇಲ್ಲದ ಊರು ಕಣ್ರೋ," ಎಂದ.

ಮೂರನೆಯ ದಿನ ಕಲ್ಲಿನ ಕಮಾನಿಗೆ ನಡಿಗೆ; ಆ ಒಂಬತ್ತು ಬಾಟಲಿ ಅದಕ್ಕೇ. ಜೀಪು ನಿಲ್ಲುವ ಜಾಗದಿಂದ ನಾಲ್ಕು ಕಿಲೋಮೀಟರ್. ತಂಗುಮನೆ ನೋಡಿಕೊಳ್ಳುವವನು ಹಿಂದಿನ ಸಂಜೆಯೇ ಹೇಳಿದ್ದ: "ಈ ವಾರ ಬಿಸಿಲು ಬೇಗ ಏರ್ತಿದೆ ಸಾರ್. ಹೋಗಲೇಬೇಕಾ?"

"ದಿನಾ ಒಲೆ ಮುಂದೆ ಬೇಯೋನಿಗೆ ಇದ್ಯಾವ ಬಿಸಿಲಯ್ಯ," ಎಂದಿದ್ದ ಬೇಕರಿಯವನು.

ಏಳೂಕಾಲಿಗೆ ನಡೆಯಲು ಶುರುಮಾಡಿದರು. ಒಣ ಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಮೈ ನೀರು ಕಳೆದುಕೊಳ್ಳುತ್ತಿರುತ್ತದೆ, ಅಂಗಿ ಮಾತ್ರ ಒಣಗಿಯೇ ಇರುತ್ತದೆ. ಬೇಕರಿಯ ಒಳಗೆ ಹಾಗಲ್ಲ, ಅಲ್ಲಿ ಬೆವರು ಧಾರಾಕಾರ ಇಳಿಯುತ್ತದೆ. ಅದಕ್ಕೇ ಬೇಕರಿಯವನು, "ನೋಡ್ರೋ, ಒಂದು ಹನಿ ಬೆವರಿಲ್ಲ. ನಿಮ್ಮ ಮರುಭೂಮಿ ಇಷ್ಟೇನಾ?" ಎಂದು ನಗಾಡಿದ. ನೀರು ಕುಡಿ ಎಂದರೆ ಬಾಟಲಿ ತುಟಿಗೆ ತಾಗಿಸಿ ಮುಚ್ಚುತ್ತಿದ್ದ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ದಾರಿ ಪಕ್ಕದ ಒಂಟಿ ಬಂಡೆಯ ನೆರಳಿನಲ್ಲಿ ಅವನು ಕೂತ. ಅಲ್ಲಿಂದ ಕಮಾನಿಗೆ ಹತ್ತು ನಿಮಿಷದ ಏರು.

"ಯಾಕೋ, ಹಿಟ್ಟು ಇಳಿದುಹೋಯ್ತಾ?" ಎಂದ ಮೀಟರ್.

"ಸ್ವಲ್ಪ ತಲೆ ದಿಮ್ಮಂತಿದೆ. ನೀವು ನಡೀತಿರಿ. ನಾನು ಬಂದೆ."

ಇಬ್ಬರೂ ಹತ್ತಿದರು. ಕಮಾನಿನ ಅಡಿಯಲ್ಲಿ ತಂಪು ಗಾಳಿ ಬೀಸುತ್ತಿತ್ತು. ದಾರಿಯ ತಿರುವಿನಿಂದಾಗಿ ಅಲ್ಲಿಗೆ ಬಂಡೆ ಕಾಣುತ್ತಿರಲಿಲ್ಲ. ಒಂಬತ್ತು ಇಪ್ಪತ್ತೆರಡಕ್ಕೆ ಗಡಿಯಾರದವನು ಎದ್ದು ನಿಂತ.

"ಇಳಿದು ನೋಡೋಣ್ವಾ?"

"ಕೂತ್ಕೊಳೋ. ಅವನ ಬಂದೆಗೆ ಇನ್ನೂ ಹದಿನೆಂಟು ನಿಮಿಷ ಇದೆ."

ಗಡಿಯಾರದವನೂ ನಕ್ಕ. ನಕ್ಕು ಕೂತ.

ಒಂಬತ್ತು ನಲವತ್ತಕ್ಕೆ ಇಬ್ಬರೂ ಇಳಿಯತೊಡಗಿದರು. ಬಂಡೆಯ ಹತ್ತಿರ ಟೋಪಿ ಇತ್ತು, ಕೈಚೀಲವಿತ್ತು, ಚೀಲದಲ್ಲಿ ಎರಡು ತುಂಬಿದ ಬಾಟಲಿ, ಒಂದು ಅರ್ಧದ ಬಾಟಲಿ. ಮನುಷ್ಯ ಇರಲಿಲ್ಲ. ಹೆಜ್ಜೆ ಗುರುತು ಏರಿನ ಕಡೆಗೂ ಇರಲಿಲ್ಲ, ಜೀಪಿನ ಕಡೆಗೂ ಇರಲಿಲ್ಲ; ಪಕ್ಕದ ಒಣ ಹಳ್ಳದೊಳಗೆ ಇಳಿದಿತ್ತು. ಬಿಸಿಲು ಮಿದುಳಿಗೆ ತಟ್ಟಿದಾಗ ಮನುಷ್ಯನಿಗೆ ದಿಕ್ಕು ತಪ್ಪುತ್ತದೆ, ಪಕ್ಕದಲ್ಲಿರುವ ನೀರೂ ನೆನಪಾಗುವುದಿಲ್ಲ. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಅವನು ಸಿಕ್ಕಿದ. ಮಾತಿರಲಿಲ್ಲ. ಮುಟ್ಟಿದರೆ ಮೈ ಆಗಷ್ಟೇ ಒಲೆಯಿಂದ ತೆಗೆದ ತಟ್ಟೆಯಂತಿತ್ತು. ಇದ್ದಬದ್ದ ನೀರನ್ನೆಲ್ಲ ಮೈಮೇಲೆ ಸುರಿದರು. ಗಡಿಯಾರದವನು ಜನ ಕರೆತರಲು ಜೀಪಿನವರೆಗೆ ಓಡಿದ. ಆಸ್ಪತ್ರೆ ತಲುಪಿದ್ದು ಒಂದೂಕಾಲಿಗೆ. ಮಧ್ಯಾಹ್ನ ಮೂರು ಐವತ್ತಕ್ಕೆ ಪ್ರಾಣ ಹೋಯಿತು.

"ಅರ್ಧ ಗಂಟೆ ಮುಂಚೆ ಸಿಕ್ಕಿದ್ರೆ?" ಎಂದು ಮೀಟರ್ ಕೇಳಿದ.

ಡಾಕ್ಟರು ಕನ್ನಡಕ ತೆಗೆದರು. "ಹೇಳೋಕೆ ಬರಲ್ಲ. ಉಳಿದಿರಬಹುದಿತ್ತು. ಇಲ್ಲದೆಯೂ ಇರಬಹುದು."

ಬೇಕರಿಯವನ ಹೆಂಡತಿಗೆ ಫೋನು ಮಾಡಿದ್ದು ಗಡಿಯಾರದವನು. "ಹಿಂದೆ ಬರ್ತಿಲ್ಲ ಅಂತ ಗೊತ್ತಾದ ಕೂಡಲೇ ಓಡಿ ಬಂದ್ವಿ ಅಮ್ಮ," ಎಂದ. ಫೋನು ಇಟ್ಟವನು ಮೀಟರ್ ಮುಖ ನೋಡಲಿಲ್ಲ.

ಸಾವಾದ ಎಂಟನೆಯ ದಿನ ಮೀಟರ್ ಕೆಲಸಕ್ಕೆ ಹೋದ. ಮುಚ್ಚಳ ಎತ್ತಿದ, ಗಾಜು ಒರೆಸಿದ. ಒಂದು ಮನೆಗೆ ಬೀಗ ಹಾಕಿತ್ತು. ಸಂಜೆ ಮತ್ತೆ ಬಂದ, ಆಗಲೂ ಬೀಗ. ಆ ಗೇಟಿನ ಮುಂದೆ ಅವನು ಕತ್ತಲಾಗುವವರೆಗೆ ನಿಂತಿದ್ದನ್ನು ಎದುರು ಮನೆಯವರು ನೋಡಿದ್ದಾರೆ. ಮೂವತ್ತೊಂದು ವರ್ಷ ಯಾರದೋ ನೀರಿಗೆ ಸರಾಸರಿ ಬರೆಯದವನು ಗೆಳೆಯನ ಉಸಿರಿಗೆ ಬರೆದಿದ್ದ.

ಹದಿನಾರನೆಯ ದಿನ ಬೇಕರಿಯವನ ಹೆಂಡತಿ ಇಬ್ಬರಿಗೂ ಹೇಳಿಕಳುಹಿಸಿದಳು. ದಾರಿಯಲ್ಲಿ ಗಡಿಯಾರದವನು ಮೀಟರಿನ ತೋಳು ಹಿಡಿದ.

"ಕೂಡಲೇ ಬಂದ್ವಿ ಅಂತ ಹೇಳಿದ್ದೀನಿ. ಅದು ಹಾಗೇ ಇರ್ಲಿ."

"ಸುಳ್ಳಲ್ವೇನೋ?"

"ಸುಳ್ಳೇ. ನಿಜ ಹೇಳಿ ಏನು ಮಾಡ್ತೀಯ? ಆಕೆ ಇನ್ನು ಮೇಲೆ ಬೆಳಿಗ್ಗೆ ಎದ್ದು ಹಿಟ್ಟು ನಾದಬೇಕು ಕಣೋ."

ಬೇಕರಿಯ ಒಲೆ ತಣ್ಣಗಿತ್ತು. ತಟ್ಟೆಗಳನ್ನು ತೊಳೆದು ಒಂದರ ಮೇಲೊಂದು ಬೋರಲು ಹಾಕಿದ್ದಳು. ಮೇಜಿನ ಮೇಲೆ ಆ ಅರ್ಧದ ಬಾಟಲಿ ಇತ್ತು, ಖಾಲಿ. ಮೀಟರಿಗೆ ಸ್ಟೂಲು ಎಳೆದುಕೊಟ್ಟಳು. ಗಡಿಯಾರದವನು ಬಾಗಿಲಲ್ಲೇ ನಿಂತ.

"ಅಣ್ಣ, ಕೊನೇಲಿ ಏನಂದ್ರು ಅವರು?"

"ಬಂದೆ ಅಂದ."

ಅವಳ ಮುಖದಲ್ಲಿ ನಗುವಿನಂಥದ್ದು ಹಾದುಹೋಯಿತು. "ಇನ್ನೇನಂತಾರೆ. ನಮ್ಮ ಮದುವೆ ದಿನಾನೂ ಅದೇ ಅಂದಿದ್ರು." ಬಾಟಲಿಯನ್ನು ಒಂದು ಸುತ್ತು ತಿರುಗಿಸಿದಳು. "ನನಗೆ ಒಂದೇ ಸಂಕಟ. ಅವರು ಎದ್ದು ಹೋಗುವಾಗ ನಿಮ್ಮನ್ನ ಕೂಗಿರಬಹುದು, ನೀವು ಬರ್ತೀರಿ ಅಂತ ಕಾದಿರಬಹುದು ಅಂತ. ಗಡಿಯಾರದಣ್ಣ ಹೇಳಿದ್ರು, ನೀವು ಕೂಡಲೇ ಇಳಿದು ಬಂದ್ರಂತೆ. ಕೂಡಲೇ ಅಲ್ವಾ ಅಣ್ಣ?"

ಬಾಗಿಲಲ್ಲಿದ್ದವನು ಕೆಮ್ಮಿದ. ಹೂಂ ಎಂದರೆ ಸಾಕಾಗುತ್ತಿತ್ತು. ಅವಳ ಹಿಂದೆ ಗೋಡೆಯಲ್ಲಿ ಸ್ಲೇಟು ಹಾಗೇ ತೂಗುತ್ತಿತ್ತು. ಆರ್ಡರುಗಳನ್ನು ಒರೆಸಿದ್ದಳು, ಮೂಲೆಯನ್ನು ಒರೆಸಿರಲಿಲ್ಲ. ಮೀಟರ್ ಜೇಬಿನಿಂದ ಡೈರಿ ತೆಗೆದ, ತೆರೆಯದೆ ಮೇಜಿನ ಮೇಲಿಟ್ಟ.

"ಕೂಡಲೇ ಅಲ್ಲಮ್ಮ. ಕಾದು ಕೂತ್ವಿ. ಇವನು ಎದ್ದ, ನಾನೇ ಕೂರಿಸಿದೆ."

"ಎಷ್ಟು ಹೊತ್ತು?"

ಗಾಜು ಒರೆಸಿ ಅಂಕಿ ಓದುವಾಗಿನ ಅದೇ ದನಿಯಲ್ಲಿ, ಬಾಯಿಬಿಟ್ಟು ಅವನು ಹೇಳಿದ:

"ಮೂವತ್ತೈದು ನಿಮಿಷ."