ಸುಳ್ಳು ಹೇಳದೆ ಮಲಗಿಸಿದ್ದು

ಸ್ನಾನ ಮಾಡಿಸುವಾಗ ನನ್ನ ಹೆಂಡತಿಯ ಕಣ್ಣಿಗೆ ಬಿತ್ತು. ಐದು ವರ್ಷದ ಮೊಮ್ಮಗಳು ಶಾರದೆಯ ತೊಡೆಸಂದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಅತ್ತರೆ ಉಬ್ಬುತ್ತಿತ್ತು, ಮಲಗಿದರೆ ಮಾಯ. ಕೋಲಾರದಲ್ಲಿ ಡಾಕ್ಟರು ಹರ್ನಿಯಾ ಎಂದರು. ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯವಂತೆ.

ಆಪರೇಷನ್ ಆಗಲೇಬೇಕು.

ನನ್ನ ಅಳಿಯ ಮೆಟ್ರಿಕ್ ಪಾಸು. ಮಗಳಿಗೆ ಹೇಳಿದ್ದೇನು? “ಬಾರಮ್ಮಿ, ಡಾಕ್ಟ್ರು ಪೆಪ್ಪರಮೆಂಟು ಕೊಡ್ತಾರೆ.” ಕೂಸಿಗೆ ಒಂದು ನಿಜ ಹೇಳುವ ಧೈರ್ಯವನ್ನು ಇವನಿಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ. ನನ್ನ ಹೆಂಡತಿ ಇನ್ನೂ ಬುದ್ಧಿವಂತೆ. ಬರಿಹೊಟ್ಟೆಯಲ್ಲಿ ಕರೆತನ್ನಿ ಎಂದಿದ್ದರೂ, ಪಾಪ ಹಸಿದಿದೆ ಎಂದು ಸೆರಗಿನ ಮರೆಯಲ್ಲಿ ಎರಡು ಇಡ್ಲಿ ತಿನ್ನಿಸಿದ್ದಳು. ಥಿಯೇಟರಿನಲ್ಲಿ ಇಬ್ಬರು ಗಟ್ಟಿಗರು ಕೈಕಾಲು ಅದುಮಿ ಹಿಡಿದರಂತೆ. ಮತ್ತು ಬರಿಸುವ ಮಾಸ್ಕ್ ಮೂಗಿಗೆ ಬರುವ ಮೊದಲೇ ಮಗು ಕಿರುಚಿ ಕಿರುಚಿ ಇಡ್ಲಿಯೆಲ್ಲ ಕಕ್ಕಿತು.

ವಾಪಸ್ ಕಳಿಸಿದರು.

ನಮ್ಮೂರು ಹೋಳೂರಿಗೆ ಬಂದ ಮೇಲೆ ಬಿಳಿ ಅಂಗಿ ಕಂಡರೆ ಸಾಕು, ಮಂಚದ ಕೆಳಗೆ ತೂರುತ್ತಿದ್ದಳು. “ಪೋಲೀಸ್ನೋರ್ನ ಕರೀತೀನಿ” ಎಂದು ಹೆದರಿಸಿದ ಅಳಿಯ. ಎಂಥ ಶೂರ!

ನಾನು ಓದಿದ್ದು ಎರಡನೇ ಕ್ಲಾಸು. ರೇಷ್ಮೆಹುಳು ಸಾಕಿ ಬದುಕಿದವನು. ಅವಳಿಗೆ ಹುಳುವಿನ ತಟ್ಟೆ ತೋರಿಸಿದೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಮಿಸುಕದೆ ನಿದ್ದೆ ಹೋಗುತ್ತದೆ. ನಾವು ಅದನ್ನು ಜ್ವರಕ್ಕೆ ಕೂರುವುದು ಎನ್ನುತ್ತೇವೆ.

“ಈಗ ಸೊಪ್ಪು ಹಾಕ್ತೀವಾ?” ಎಂದು ಕೇಳಿದೆ.

“ಊಹೂಂ. ಎದ್ದಮೇಲೆ.”

“ನಿಂಗೂ ಹಂಗೇ ಕಣೇ. ಏನೂ ತಿನ್ನಂಗಿಲ್ಲ. ಘಾಟು ವಾಸನೆ ಕೊಟ್ಟು ಮಲಗಿಸ್ತಾರೆ. ಆಮೇಲೆ ಗಂಟು ಕುಯ್ತಾರೆ.”

“ನೋಯ್ತದಾ ತಾತ?”

“ಕುಯ್ಯೋವಾಗ ಗೊತ್ತಾಗಲ್ಲ. ಎದ್ದಮೇಲೆ ನೋಯ್ತದೆ.”

“ನೀನಿರ್ತೀಯಾ?”

“ಬಿಟ್ರೆ ಇರ್ತೀನಿ. ಕೇಳ್ತೀನಿ.”

ಎಂಟು ದಿನ ಮೂಗಿಗೆ ಕರಟ ಹಿಡಿದು ಉಸಿರೆಳೆಯುವ ಆಟ ಆಡಿದೆವು.

ಮತ್ತೆ ಹೋದಾಗ, ನಾನೂ ಒಳಗೆ ಬರಲೇ ಎಂದು ಮತ್ತು ಬರಿಸುವ ಡಾಕ್ಟರಮ್ಮನನ್ನು ಕೇಳಿದೆ. ವಾರ್ಡ್‌ಬಾಯ್ ನಕ್ಕ: “ತಾತನೂ ಥಿಯೇಟ್ರಿಗೆ ಬರ್ತಾನಂತೆ, ಪಂಚೆ ಉಟ್ಕೊಂಡು!” ಡಾಕ್ಟರಮ್ಮ ಅವನ ಕೈಯಲ್ಲೇ ನನಗೊಂದು ಗೌನು ತರಿಸಿದರು. ಶಾರದೆ ಮಾಸ್ಕನ್ನು ತಾನೇ ಹಿಡಿದುಕೊಂಡಳು. ಅತ್ತಳು, ಕಿರುಚಲಿಲ್ಲ. ನನ್ನ ಬೆರಳು ಹಿಡಿದಿದ್ದ ಕೈ ಮೆಲ್ಲಗೆ ಸಡಿಲವಾಯಿತು.

ಹೊರಗೆ ಬಂದು ನಾನು ಅತ್ತುಬಿಟ್ಟೆ.

ಈಗ ಮೂರು ದಿನ, ಇನ್ನೂ ಆಸ್ಪತ್ರೆಯಲ್ಲೇ ಇದ್ದೇವೆ. ಗಾಯ ಮಾಗುತ್ತಿದೆ. ಸಂತೋಷವನ್ನು ಎಲ್ಲಿಟ್ಟುಕೊಳ್ಳಲಿ, ತಿಳಿಯದು. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಬೆಳಿಗ್ಗೆ ಪಕ್ಕದ ಮಂಚದಲ್ಲಿ ಒಬ್ಬ ಅಪ್ಪ ಅಳುತ್ತಿದ್ದ ಮಗನಿಗೆ, “ಏನೂ ಮಾಡಲ್ಲ ಕಣೋ, ಬರೀ ಫೋಟೋ ತೆಗೀತಾರೆ” ಎನ್ನುತ್ತಿದ್ದ. ನಮ್ಮ ಶಾರದೆ ಆ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

“ಸುಳ್ಳು,” ಎಂದಳು ಹುಡುಗನಿಗೆ. “ಕುಯ್ತಾರೆ. ಆಮೇಲೆ ಎದ್ದೇಳ್ತೀಯ. ನಂಗಿನ್ನೂ ನೋಯ್ತದೆ, ನೋಡು.”

ಹುಡುಗ ಅಳು ನಿಲ್ಲಿಸಿದ. ಅಪ್ಪನ ತೊಡೆಯಿಂದ ಇಳಿದು ಅವಳ ಮಂಚದ ಹತ್ತಿರ ಬಂದ.