ಕಾಕು ನಿಲ್ಲಿಸಿಟ್ಟ ಸಿನಿಮಾ

ಮೊನ್ನೆ ಅವ್ವನ ಟ್ರಂಕಿನಿಂದ ಕೌದಿ ತೆಗೆಯುವಾಗ ಬಟ್ಟೆಯ ಸಣ್ಣ ಗಂಟೊಂದು ಕೆಳಗೆ ಬಿತ್ತು. ಅಜವಾನ, ಲವಂಗ, ಕರ್ಪೂರ ಕಟ್ಟಿದ ಗಂಟು. ಕರ್ಪೂರ ಹಾರಿಹೋಗಿ ಎಷ್ಟೋ ದಿನವಾಗಿರಬೇಕು. ಆದರೂ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೌದಿ ಅಲ್ಲೇ ಬಿಟ್ಟು ಕೂತುಬಿಟ್ಟೆ.

ಅದು ಕೊರೋನಾದ ಎರಡನೇ ವರ್ಷ. ಸಿಂದಗಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಇಬ್ಬರಿಗೂ ರೋಗ ಹತ್ತಿತು. ಅವ್ವನನ್ನು ವಿಜಯಪುರದ ದವಾಖಾನೆಗೆ ಒಯ್ದರು. ನನ್ನನ್ನು ಒಳಗೇ ಬಿಟ್ಟು ಬಾಗಿಲಿಗೆ ಅಡ್ಡ ಬಿದಿರು ಕಟ್ಟಿದರು. ನಾನೋ ಮೊದಲೇ ಪುಕ್ಕಲಿ. ಫೋನು ರಿಂಗಾದರೆ ಸಾಕು, ದೂರ ಸರಿದು ನಿಲ್ಲುತ್ತಿದ್ದೆ. ಎತ್ತಿದರೆ ಏನು ಹೇಳುತ್ತಾರೋ, ಎತ್ತದಿದ್ದರೆ ಏನಾಗಿ ಹೋಗುತ್ತದೋ...

ಎದುರು ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮನಂಥವಳು, ಒಬ್ಬಳೇ ಇರುತ್ತಿದ್ದಳು. ಬಾಯಿ ಬಹಳ ಜೋರು. ಈ ಗಂಟನ್ನು ಕಿಟಕಿಯೊಳಗೆ ಎಸೆದು, "ಮೂಸ್ಕೋತ ಕೂಡು. ಆ ಸುಡುಗಾಡು ನ್ಯೂಸ್ ನೋಡಬ್ಯಾಡ, ಎದಿ ಒಡದು ಸಾಯ್ತಿ" ಎಂದು ಬೈದಳು. ಮರುದಿನ ಮಧ್ಯಾಹ್ನ ನೋಡುತ್ತೇನೆ, ಜೋಳದ ಚೀಲದ ಮೇಲೆ ಟೀವಿ ಏರಿಸಿ, ಅದರ ಮುಖ ಓಣಿಯ ಕಡೆ ತಿರುಗಿಸಿ, ತನ್ನ ಬಾಗಿಲಲ್ಲೇ ಇಟ್ಟಿದ್ದಾಳೆ! ಅವಳು ಕಟ್ಟೆಯ ಮೇಲೆ, ನಾನು ಕಿಟಕಿಯಲ್ಲಿ.

ಅವಳ ಹತ್ತಿರ ಇದ್ದದ್ದು ಒಂದೇ ಡಿವಿಡಿ. ಅಣ್ಣತಮ್ಮಂದಿರು ಪಾಲಾಗಿ ನಡುಮನೆಗೆ ಗೋಡೆ ಹಾಕುತ್ತಾರೆ, ತಾಯಿ ನೊಂದು ಮನೆ ಬಿಡುತ್ತಾಳೆ. ಕಡೆಗೆ ಅವರೇ ಗೋಡೆ ಕೆಡವಿ ಅವಳನ್ನು ಕರೆತರುತ್ತಾರೆ. ತಾಯಿ ಹೊಸ್ತಿಲ ಮುಂದೆ ಬಂದು ನಿಂತಳು, ಕಾಕು ಟಪ್ಪನೆ ರಿಮೋಟ್ ಒತ್ತಿದಳು.

"ಯಾಕ ಬಂದ್ ಮಾಡಿದಿ ಕಾಕು?"

"ಮೊದಲ ನಿಮ್ಮವ್ವ ಹೊಸ್ತಿಲ ದಾಟಲಿ. ಆಮ್ಯಾಲ ಈಕಿ ದಾಟ್ತಾಳ. ಮೂರೂ ಮಂದಿ ಕೂಡಿ ನೋಡೂಣು."

ಅವಳ ಹರಕೆಗಳೇ ಹಾಗೆ. ಓಣಿಯಲ್ಲಿ ಯಾರೇ ದವಾಖಾನೆ ಸೇರಲಿ, ಅವರು ಮರಳುವ ತನಕ ತನ್ನ ಚಹಾಕ್ಕೆ ಬೆಲ್ಲ ಹಾಕಿಕೊಳ್ಳುತ್ತಿರಲಿಲ್ಲ. ಈ ಸಲ ಸಿನಿಮಾದ ಕೊನೆಯನ್ನೂ ಬಿಟ್ಟಳು. ದಿನಾ ಹೊಸ್ತಿಲ ತನಕ ನೋಡುವುದು, ನಿಲ್ಲಿಸುವುದು. ಆ ಎರಡು ತಾಸು ಮಾತ್ರ ನನಗೆ ಹೆದರಿಕೆ ಮರೆಯುತ್ತಿತ್ತು.

ಐದನೆಯ ದಿನ ಸಿನಿಮಾ ನಡೆದಿದ್ದಾಗಲೇ ದವಾಖಾನೆಯಿಂದ ಫೋನು ಬಂತು. "ಆಕ್ಸಿಜನ್ ಇಳಿಯಾಕತ್ತೈತ್ರಿ, ಧೈರ್ಯ ತಗೋರಿ" ಅಂದರು. ನಾನು ಚೀರಿದ್ದಷ್ಟೇ ಗೊತ್ತು. ಕಾಕು ಬಿದಿರಿನ ಕೆಳಗೆ ನುಸುಳಿ ಒಳಗೇ ಬಂದುಬಿಟ್ಟಿದ್ದಳು. ಮುಖಕ್ಕೆ ಮಾಸ್ಕಿಲ್ಲ.

"ಹೊರಗ ಹೋಗ ಕಾಕು, ನಿನಗೂ ಹತ್ತತೈತಿ!"

"ಹತ್ತಿದರ ಹತ್ತಲಿ ತಗೋ" ಎಂದು ತಬ್ಬಿಕೊಂಡಳು. ನಾನು ಬಿಡಿಸಿಕೊಳ್ಳಬೇಕಿತ್ತು. ಬಿಡಿಸಿಕೊಳ್ಳಲಿಲ್ಲ. ಅಷ್ಟು ಭಯವಿತ್ತು ನನಗೆ...

ಅವ್ವ ಬದುಕಿ ಬಂದಳು. ಅವಳು ಹೊಸ್ತಿಲು ದಾಟಿದ ದಿನ ಎದುರು ಬಾಗಿಲಿಗೆ ಬೀಗ ಬಿದ್ದಿತ್ತು. ಕಾಕುವನ್ನು ಒಯ್ದು ಮೂರು ದಿನವಾಗಿತ್ತು. ಅವಳು ಮರಳಲೇ ಇಲ್ಲ. ಯಾರಿಂದ ಹತ್ತಿತೆಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿಯಾರೆಂಬ ಅಂಜಿಕೆ ನನಗೆ ಈಗಲೂ ಇದೆ. ಆ ಸಿನಿಮಾ ಆಗಾಗ ಟೀವಿಯಲ್ಲಿ ಬರುತ್ತದೆ. ತಾಯಿ ಹೊಸ್ತಿಲಿಗೆ ಬಂದಳೆಂದರೆ ನಾನು ಬಂದ್ ಮಾಡುತ್ತೇನೆ.

ಮೊನ್ನೆ ನನ್ನ ಕೈಯಲ್ಲಿ ಗಂಟು ಕಂಡ ಅವ್ವ ಒಳಗೆ ಹೋಗಿ ಎರಡು ಕಪ್ ಚಹಾ ತಂದಳು. ಒಂದು ಗುಟುಕು ಕುಡಿದೆ.

"ಅವ್ವಾ, ಬೆಲ್ಲ ಹಾಕೂದು ಮರತಿ."

"ಮರತಿಲ್ಲ" ಅಂದಳು.

ಕಾಕು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ಸಪ್ಪೆ ಚಹಾವನ್ನು ಪೂರ್ತಿ ಕುಡಿದೆವು.