ತಮಟೆಗಿಂತ ಮುಂಚೆ ಬಂದ ನೀರು

ಸಿದ್ದಮ್ಮ, ಅವತ್ತು ತಮಟೆಯವನು ಹೊರಟಿರಲಿಲ್ಲ. ಹೊರಟ ಎಂದು ಸುಳ್ಳು ಹೇಳಿದವಳು ನಾನು. ನಿನ್ನ ಗಂಡ ಹೊಳೆಯ ಪಾಲಾದದ್ದು ನನ್ನ ಆ ಒಂದು ಮಾತಿನಿಂದ.

ನಿನಗೆ ಓದು ಬರುವುದಿಲ್ಲ — ಇಷ್ಟು ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ. ಎಂಥ ಹೇಡಿ ನೋಡು ನಾನು.

ಸ್ವಾತಂತ್ರ್ಯ ಬಂದ ಹೊಸತು ಅದು. ನಮ್ಮ ಯಜಮಾನರು ನೀರಾವರಿ ಕಚೇರಿಯಲ್ಲಿದ್ದರು. ಚಾಮರಾಜಪುರದ ಈ ಮನೆಗೆ ಸರ್ಕಾರವೇ ಫೋನು ಹಾಕಿಸಿತ್ತು. ಅಣೆಕಟ್ಟೆ ತುಂಬುತ್ತಾ ಬಂದರೆ ಅಲ್ಲಿಂದ ಫೋನು ಬರುವುದು, ಇವರು ತಮಟೆಯವನನ್ನು ಜೀಪಿನಲ್ಲಿ ಹೊಳೆದಂಡೆಯ ಊರುಗಳಿಗೆ ಕಳಿಸುವುದು, ಅವನು ಸಾರಿದ ಮೇಲೆ ಗೇಟು ಎತ್ತುವುದು — ಅದು ಕ್ರಮ.

ಆ ಮಧ್ಯಾಹ್ನ ಫೋನು ಬಂತು. ಇವರಿಗೆ ಜ್ವರ, ನರಳಿ ನರಳಿ ಆಗಷ್ಟೇ ಕಣ್ಣು ಮುಚ್ಚಿದ್ದರು. ಒಂದಿಷ್ಟು ಹೊತ್ತು ಮಲಗಲಿ, ಆಮೇಲೆ ಎಬ್ಬಿಸೋಣ ಅಂದುಕೊಂಡು ಗಂಜಿ ಬೇಯಿಸುತ್ತಾ ಕೂತೆ. ಮರೆತೆ ಎನ್ನಲಾರೆ — ಮರೆತಿರಲಿಲ್ಲ. ಮತ್ತೆ ಫೋನು ಹೊಡೆದುಕೊಂಡಿತು.

"ತಮಟೆಯವನು ಹೊರಟನೇನಮ್ಮಾ? ನೀರು ಏರ್ತಾ ಇದೆ, ಗೇಟು ಎತ್ತಬೇಕು."

ಇನ್ನೂ ಹೇಳಿಯೇ ಇಲ್ಲ ಎಂದರೆ ಇವರ ಕೆಲಸಕ್ಕೆ ಸಂಚಕಾರ ಬಂದೀತು ಅಂದುಕೊಂಡೆ.

"ಆಗಲೇ ಹೊರಟ," ಎಂದುಬಿಟ್ಟೆ.

ಓಡಿಹೋಗಿ ಇವರನ್ನು ಎಬ್ಬಿಸಿದೆ, ಫೋನು ಈಗ ಬಂತು ಎಂದೆ. ತಿರುಗಿ ಫೋನು ಮಾಡಿ ನಿಲ್ಲಿಸಿ ಎನ್ನಬಹುದಿತ್ತು — ಕೈ ಹೋಗಲಿಲ್ಲ. ಜೀಪೇನೋ ಹೊರಟಿತು. ನೀರು ಅದಕ್ಕಿಂತ ಮುಂದಿತ್ತು.

ನಿನ್ನ ಗಂಡ ಎಮ್ಮೆ ಮೇಯಿಸುತ್ತಾ ನಡುಗಡ್ಡೆಯಲ್ಲಿದ್ದ. ಎಮ್ಮೆಗಳು ಈಜಿ ದಡ ಸೇರಿದವು, ಅವನು ಸೇರಲಿಲ್ಲ. ತಮಟೆಯವನೇ ತಡಮಾಡಿದನೆಂದು ಎಲ್ಲರೂ ಅವನ ಮೇಲೆ ಗೂಬೆ ಕೂರಿಸಿದರು. ನಾನು ಬಾಯಿ ಬಿಡಲಿಲ್ಲ.

ಸೂತಕ ಕಳೆದು ಮತ್ತೆ ನಮ್ಮ ಮನೆಗೆ ಮೊಸರು ಮಾರಲು ಬಂದ ದಿನ ನೀನು ಹೊಸಿಲ ಬಳಿ ಕೂತು ಹೇಳಿದೆ: "ಸದ್ದು ಕೇಳಿದ್ರೆ ಈಚೆಗೆ ಬಂದ್ಬುಡೋರು ಕಣವ್ವ. ಕಿವಿ ಚುರುಕಾಗಿತ್ತು ಅವ್ರಿಗೆ."

ಅಂದಿನಿಂದ ಹಿಡಿದ ಭಯ ಬಿಟ್ಟಿಲ್ಲ. ಇವರು ನಿವೃತ್ತರಾದ ಮೇಲೆ ಸರ್ಕಾರದವರು ಬಂದು ಫೋನು ತೆಗೆದುಕೊಂಡು ಹೋದರು. ಆದರೂ ಪಕ್ಕದ ಮನೆಯಲ್ಲಿ ಅದು ಸದ್ದು ಮಾಡಿದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತದೆ. ಬೆಳಿಗ್ಗೆ ಬೀದಿಯಲ್ಲಿ ನಿನ್ನ ದನಿ ಕೇಳಿದರೆ, ಇವತ್ತು ಎಲ್ಲ ಗೊತ್ತಾಗಿಯೇ ಬಂದಿದ್ದಾಳೆ ಅಂದುಕೊಳ್ಳುತ್ತೇನೆ. ನೀನೋ, ತಾಯಿ ಇದ್ದ ಹಾಗೆ ನೀವು ಎನ್ನುತ್ತಾ ಅಳತೆಯ ಮೇಲೆ ಒಂದಿಷ್ಟು ಕೊಸರು ಹಾಕಿ ಹೋಗುತ್ತೀಯ. ಆ ಮೊಸರನ್ನು ನಾನು ಬಡಿಸಿಕೊಳ್ಳುವುದಿಲ್ಲ.

ನಾಳೆ ನೀನು ಗಡಿಗೆ ಇಳಿಸುತ್ತಲೇ ಇದನ್ನು ಓದುತ್ತೇನೆ. ಇವರನ್ನೂ ಕೂರಿಸಿಕೊಳ್ಳುತ್ತೇನೆ — ಇವರಿಗೂ ತಿಳಿಯದು. ತಮಟೆಯವನ ಮುಂದೂ ಓದಬೇಕು; ಅವನ ಮನೆ ಎಲ್ಲಿ ಎಂದು ನಿನ್ನನ್ನೇ ಕೇಳಬೇಕಾಗಿದೆ.

ಓದಿ ಮುಗಿಸುವ ತನಕ ಮೊಸರು ಅಳೆಯಬೇಡ, ಸಿದ್ದಮ್ಮ.